ಕುಬ್ಜ ಕವಿಗೆ ಶೇಕಡಾ ಎಷ್ಟು?

ಮೂವತ್ತೈದು ಬಂದರೆ ಪಾಸು ಎಂದು ನಂಬಿ ಬೆಳೆದವರು ನಾವು. ಪಿಎಚ್.ಡಿ.ಯಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ಹತ್ತರೊಳಗೆ ಬಂದವರೇ ಜಾಣರು. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳ ಕೃಪೆ. ಪ್ರಬಂಧವನ್ನು ತಂತ್ರಾಂಶದ ಬಾಯಿಗೆ ಹಾಕಿದಾಗ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ 10ರವರೆಗೆ ಬಂದರೆ ಮಾಫಿ. 40ರವರೆಗೆ ಏರಿದರೆ ತಿದ್ದಿ ತರಬೇಕು. 60 ದಾಟಿದರೆ ನೋಂದಣಿಯೇ ರದ್ದು. ಕಳ್ಳರನ್ನು ಹಿಡಿಯಲು ಇಂಥದ್ದೊಂದು ಬೇಕಿತ್ತು, ಜಗಳವಿಲ್ಲ. ಇಡೀ ಅಧ್ಯಾಯಗಳನ್ನು ಎತ್ತಿಕೊಂಡು ಡಾಕ್ಟರ್ ಆದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರು ಈಗ ಅನ್ಯರ ಶೇಕಡಾವಾರು ನೋಡಿ ಹುಬ್ಬು ಗಂಟಿಕ್ಕುವ ಸ್ಥಾನದಲ್ಲಿಯೂ ಇದ್ದಾರೆ.

ಸಾಗರದ ಕಡೆಯ ಸಂಶೋಧಕಿಯೊಬ್ಬರ ಕಥೆ ಕೇಳಿ. ವಿಷಯ, ಮಲೆನಾಡಿನ ದೀವರ ಸಮುದಾಯದ ಭೂಮಿ ಹುಣ್ಣಿಮೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ನಸುಕಿನಲ್ಲಿ ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಈಕೆ ಜಿಗಣೆಗೆ ರಕ್ತ ಕೊಟ್ಟು, ಬಸ್ಸಿಲ್ಲದ ಊರುಗಳಿಗೆ ನಡೆದು, ಅಜ್ಜಿಯರ ಕಾಲ ಬಳಿ ಕೂತು ಹಾಡುಗಳನ್ನು ಬರೆದುಕೊಂಡರು. ಪ್ರಬಂಧ ತಂತ್ರಾಂಶಕ್ಕೆ ಹೋಯಿತು. ಹಾಡುಗಳಿದ್ದ ಪುಟಗಳೆಲ್ಲ ಕೆಂಪಾಗಿ ಹೊರಬಂದವು. ಕಾರಣ ಇಷ್ಟೆ: ಅದೇ ಹಾಡುಗಳನ್ನು ಹಿಂದೆ ಯಾರೋ ಸಂಗ್ರಹಿಸಿದ್ದರು, ಆ ಪ್ರಬಂಧ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ತೇಲುತ್ತಿತ್ತು. ಮೂಲವನ್ನು ಹೇಳಿ ಉದ್ಧರಿಸಿದ ಭಾಗವನ್ನು ಲೆಕ್ಕದಿಂದ ಬಿಡಬೇಕು ಎಂದು ಅದೇ ನಿಯಮ ಹೇಳುತ್ತದೆ. ಆದರೆ ನಿಯಮ ಓದುವುದಕ್ಕೂ ಗುಂಡಿ ಒತ್ತುವುದಕ್ಕೂ ನಮ್ಮಲ್ಲಿ ಬೇರೆ ಬೇರೆ ಜನ. ಗುಂಡಿ ಒತ್ತಿದವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರಂತೆ: "ಮೇಡಂ, ಆ ಅಜ್ಜಿಗೆ ಬೇರೆ ಹಾಡು ಬರುವುದಿಲ್ಲವೇ?"

ಈ ಲೆಕ್ಕದಲ್ಲಿ ದೀಪಾವಳಿಗೆ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಗತಿ ಏನು? ಅದೇ ದೀಪ, ಅದೇ ಹಾಡು, ಪ್ರತಿ ಹೊಸ್ತಿಲಲ್ಲಿಯೂ. ಎರಡನೆಯ ಮನೆಗೇ ಹೋಲಿಕೆ ನೂರಕ್ಕೆ ನೂರು. ದೀಪಕ್ಕೆ ಎಣ್ಣೆ ಎರೆಯುವ ಮುನ್ನ ಮನೆಯೊಡತಿ ಪ್ರಮಾಣಪತ್ರ ಕೇಳಬೇಕಾಗುತ್ತದೆ.

ಶಾಸನ ಓದುವವರ ಪಾಡು ಇನ್ನೂ ಸ್ವಾರಸ್ಯ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ಐದನೆಯ ಶತಮಾನದ ಕಂಬವೊಂದಿದೆ. ಕದಂಬರ ಕಥೆಯನ್ನು ಅದರ ಮೇಲೆ ಸಂಸ್ಕೃತದಲ್ಲಿ ಹೇಳಿದವನು ಕುಬ್ಜ ಎಂಬ ಕವಿ. ಇದು ಸ್ವಂತ ಕಾವ್ಯ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನೇ ನಮೂದಿಸಿದ್ದಾನೆ. ಸ್ವಂತಿಕೆಯ ಘೋಷಣಾಪತ್ರ ಲಗತ್ತಿಸಿದ ಮೊದಲ ಮಲೆನಾಡಿಗ! ಆದರೇನು, ಬಿ.ಎಲ್. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ 1902ರಲ್ಲಿಯೇ ಅಚ್ಚು ಹಾಕಿಸಿಬಿಟ್ಟರು. ಆಮೇಲೆ ಎಷ್ಟೋ ಜನ ಉದ್ಧರಿಸಿದರು. ಈಗ ಯಂತ್ರದ ಮುಂದೆ ಕುಬ್ಜನನ್ನು ನಿಲ್ಲಿಸಿದರೆ, ಮೊನ್ನೆ ಮೊನ್ನೆ ಪದವಿ ಪಡೆದ ಯಾರದೋ ಮೂರನೆಯ ಅಧ್ಯಾಯದಿಂದ ಅವನು ಕದ್ದಿದ್ದಾನೆ ಎಂದೇ ವರದಿ ಬರುತ್ತದೆ.

ಕಂಬದ ಮೇಲಿನ ಕಥೆಯೂ ವಿದ್ಯಾರ್ಥಿಯೊಬ್ಬನದೇ. ಮಯೂರಶರ್ಮ ಗುರು ವೀರಶರ್ಮರೊಡನೆ ಹೆಚ್ಚಿನ ಓದಿಗೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಮಾರ್ಗದರ್ಶಕರೇ ಜೊತೆಯಲ್ಲಿ ಪ್ರಯಾಣ ಮಾಡಿದ್ದಾರೆ, ಗಮನಿಸಿ. ಈಗಿನವರು ಸಹಿಗೂ ಸಿಗುವುದಿಲ್ಲ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಹುಡುಗ ದರ್ಭೆ ಸಮಿತ್ತು ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಆಗ ಕಂಚಿಯಲ್ಲಿ ಕುಂದುಕೊರತೆ ಸಮಿತಿಯೊಂದು ಇದ್ದಿದ್ದರೆ ಅವನು ಅರ್ಜಿ ಕೊಟ್ಟು, ಸ್ವೀಕೃತಿಗಾಗಿ ಕಾದು, ಆರು ವರ್ಷದ ಗಡುವು ಮೀರಿ, ಮರುನೋಂದಣಿಯ ಶುಲ್ಕ ಕಟ್ಟುತ್ತಾ ಕೂತಿರುತ್ತಿದ್ದ. ಕದಂಬರು ಇರುತ್ತಿರಲಿಲ್ಲ. ಬನವಾಸಿಯ ಕದಂಬೋತ್ಸವದ ಊಟದ ಟೆಂಡರೂ ಇರುತ್ತಿರಲಿಲ್ಲ.

ನಿಜವಾದ ಕಳ್ಳರಿಗೆ ಮಾತ್ರ ಕಷ್ಟವಿಲ್ಲ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪಿಸಿದ ಕನ್ನಡವನ್ನು ಯೂನಿಕೋಡ್ ಮಾತ್ರ ಬಲ್ಲ ಯಂತ್ರ ಓದಹೊರಟರೆ ಅದಕ್ಕೆ ಕಾಣುವುದು ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳ ಸಂತೆ. ಅದರಲ್ಲಿ ಕದ್ದದ್ದು ಯಾವುದು, ಕಳೆದದ್ದು ಯಾವುದು? ಸೊನ್ನೆ ಬಂದರೂ ಆಶ್ಚರ್ಯವಿಲ್ಲ. ಸೊನ್ನೆ ಪಡೆದವರಿಗೆ ಶಾಲು, ಪೇಟ, ಏಲಕ್ಕಿ ಹಾರ.

ಪ್ರಾಮಾಣಿಕರಿಗಾಗಿ ಜೆರಾಕ್ಸ್ ಅಂಗಡಿ ಇದೆ. ಬೈಂಡಿಂಗ್ ಜೊತೆಗೆ ಪರ್ಸೆಂಟೇಜ್ ಇಳಿಸಿಕೊಡುವ ಸೇವೆಯೂ ಅಲ್ಲಿಯೇ. ನಮ್ಮ ಸಂಶೋಧಕಿಯೂ ಕೊನೆಗೆ ಅಲ್ಲಿಗೇ ಹೋದರು. ಅಂಗಡಿಯ ಹುಡುಗ ಒಳ್ಳೆಯವನು, ಒಂದು ರಾತ್ರಿಯಲ್ಲಿ ಹಾಡುಗಳನ್ನು ರಿಪೇರಿ ಮಾಡಿಕೊಟ್ಟ. ಭೂಮಿತಾಯಿ 'ಪೃಥ್ವೀಮಾತೆ'ಯಾದಳು. ಬಸುರಿ 'ಗರ್ಭಸ್ಥಿತಳು'. ಬೇಲಿಯ ಹೀರೆಕಾಯಿ 'ಆವರಣಸ್ಥ ತರಕಾರಿ'. ಅಜ್ಜಿ 'ವಯೋವೃದ್ಧ ಮಾಹಿತಿದಾರೆ' ಮೊದಲೇ ಆಗಿದ್ದರು, ಅದು ವಿಭಾಗದ್ದೇ ಕಾಣಿಕೆ. ಹೋಲಿಕೆ ಹತ್ತರ ಕೆಳಗಿಳಿಯಿತು.

ನಗು ಸಾಕು. ದೀವರ ಹಾಡು ಬಲ್ಲ ಒಬ್ಬ ಮೇಷ್ಟರು ಆ ಪ್ರಬಂಧವನ್ನು ಒಂದು ಮಧ್ಯಾಹ್ನ ಕೂತು ಓದಿದ್ದರೆ ಇದು ಕದ್ದದ್ದೋ ದುಡಿದದ್ದೋ ಎಂದು ಹೇಳಿಬಿಡುತ್ತಿದ್ದರು. ಅಂಥವರು ನಿವೃತ್ತರಾದರು. ಹುದ್ದೆಯನ್ನು ತುಂಬಲಿಲ್ಲ. ಅವರ ಪಾಠಗಳನ್ನು ಈಗ ಅತಿಥಿ ಉಪನ್ಯಾಸಕರು ಮಾಡುತ್ತಾರೆ. ತಿಂಗಳುಗಟ್ಟಲೆ ಗೌರವಧನ ಬರುವುದಿಲ್ಲ, ರಜೆಯಲ್ಲಿ ಸಂಬಳವಿಲ್ಲ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ತಲೆ ನರೆತರೂ ಅತಿಥಿಗಳೇ. ಅವರಿಗೆ ಕೊಡಲು ದುಡ್ಡಿಲ್ಲ ಎನ್ನುವ ಜನಕ್ಕೆ ತಂತ್ರಾಂಶಕ್ಕೆ, ವೇದಿಕೆಯ ಹೂವಿಗೆ, ಮಾನ್ಯತಾ ಸಮಿತಿ ಬರುವಾಗ ಗೋಡೆಯ ಸುಣ್ಣಕ್ಕೆ ದುಡ್ಡಿರುತ್ತದೆ. ಓದಲು ಒಬ್ಬ ಮನುಷ್ಯನನ್ನು ಇಡುವುದಿಲ್ಲ, ಅಷ್ಟೆ. ನಾಚಿಕೆಯಾಗಬೇಕು.

ಮೌಖಿಕ ಪರೀಕ್ಷೆ ಸಾಂಗವಾಗಿ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುಗಿಸುತ್ತಾ ಬೆರಗಾದರು. "ಗದ್ದೆಯಲ್ಲಿ ದುಡಿಯುವ ಹೆಂಗಸರ ಬಾಯಲ್ಲಿ 'ಆವರಣಸ್ಥ'ದಂಥ ಪದವೇ! ದೀವರ ಹಾಡುಗಳ ಮೇಲೆ ಸಂಸ್ಕೃತದ ಪ್ರಭಾವ ಇಷ್ಟು ಆಳವಾಗಿದೆಯೆಂದು ನಾನು ತಿಳಿದಿರಲಿಲ್ಲ. ಇದರ ಮೇಲೆ ಪ್ರತ್ಯೇಕ ಸಂಶೋಧನೆ ಆಗಲೇಬೇಕು ಸಾರ್" ಎಂದರು. ಮಾರ್ಗದರ್ಶಕರು ತಲೆಯಾಡಿಸಿದರು. ಹೋಳಿಗೆ ಊಟ ಮುಗಿಯುವುದರೊಳಗೆ ಅಭ್ಯರ್ಥಿಯೂ ಸಿಕ್ಕಿದ. ಸೀಟು ಖಾಲಿ ಇತ್ತು.