ನೀವು ತಿನ್ನಲ್ವಾ ಸಾರ್?

ಹೋದ ತಿಂಗಳು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುತ್ತಿದ್ದೆ. ಮುಂದೆ ಒಂದು ಮೊಪೆಡ್. ಎರಡೂ ಪಕ್ಕಕ್ಕೆ ಕೋಳಿ ನೇತುಹಾಕಿದ್ದ. ಕಾಲು ಕಟ್ಟಿ, ತಲೆ ಕೆಳಗೆ, 30–40 ಇರಬಹುದು. ಹಂಪ್ ಬಂದಾಗಲೆಲ್ಲ ಅಷ್ಟೂ ಕತ್ತು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಬೀಳುತ್ತಿದ್ದವು. ಬಿಸಿಲಿಗೆ ಕೊಕ್ಕು ತೆರೆದುಕೊಂಡಿದ್ದವು. ಒಂದರ ರೆಕ್ಕೆ ಬಿಚ್ಚಿಕೊಂಡು ಹಿಂದಿನ ಚಕ್ರಕ್ಕೆ ಬಡಿಯುತ್ತಿತ್ತು. ಪಟ ಪಟ ಪಟ ಅಂತ.

ಹಾರ್ನ್ ಹೊಡೆದು ನಿಲ್ಲಿಸಿದೆ. "ಏನಪ್ಪಾ, ರೆಕ್ಕೆ ಚಕ್ರಕ್ಕೆ ಸಿಗ್ತಾ ಇದೆ, ನೋಡ್ಕೊಳ್ಳಲ್ವಾ?" ಅಂದೆ. ಇಪ್ಪತ್ತು ಇಪ್ಪತ್ತೆರಡರ ಹುಡುಗ. ಇಳಿದು ಬಂದು ಆ ರೆಕ್ಕೆ ಮಡಚಿ ಉಳಿದ ಕೋಳಿಗಳ ಮಧ್ಯೆ ಸಿಕ್ಕಿಸಿದ, ನಾವು ಪಂಚೆ ತುದಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಾಗೆ. ಆಮೇಲೆ ತುಂಬಾ ಮರ್ಯಾದೆಯಿಂದಲೇ ಕೇಳಿದ: "ನೀವು ತಿನ್ನಲ್ವಾ ಸಾರ್?"

ತಿಂತೀನಿ. ಆವತ್ತು ಮನೆಗೆ ತರಬೇಕಾದ ಸಾಮಾನಿನಲ್ಲಿ ಒಂದು ಕೆಜಿ ಚಿಕನ್ನೂ ಇತ್ತು. ಏನೂ ಹೇಳಲು ತೋಚದೆ "ಹುಷಾರಾಗಿ ಹೋಗು" ಅಂದು ಬಂದುಬಿಟ್ಟೆ.

ಆ ಪ್ರಶ್ನೆಗೆ ಎರಡು ರೆಡಿ ಉತ್ತರ ಇವೆ. ನನ್ನ ಸಸ್ಯಾಹಾರಿ ಸ್ನೇಹಿತರದು: ಅಷ್ಟು ಕನಿಕರ ಇದ್ದರೆ ತಿನ್ನೋದು ಬಿಡು, ಇಲ್ಲ ಅಂದರೆ ಬಾಯಿ ಮುಚ್ಚು. ನಮ್ಮ ಬಾಡೂಟದ ಗ್ಯಾಂಗಿನದು: ತಿನ್ನೋದಂತೂ ತಿಂತೀವಿ, ಹೆಂಗೆ ಬಂದ್ರೆ ಏನು ಬಿಡೋ. ಒಬ್ಬರಿಗೊಬ್ಬರು ಆಗಲ್ಲ, ಆದರೆ ಇಬ್ಬರ ಮಾತು ಕೇಳಿದರೂ ಆ ರೆಕ್ಕೆ ಚಕ್ರದಲ್ಲೇ ಇರುತ್ತದೆ. ತಿನ್ನುವವನು ಕೇಳಬಾರದು, ತಿನ್ನದವನಿಗೆ ಅದು ಸಂಬಂಧ ಇಲ್ಲ. ಮತ್ತೆ ಕೇಳುವವರು ಯಾರು?

ನಮ್ಮ ಅಜ್ಜಿ ಪ್ರತಿ ವರ್ಷ ಊರ ಜಾತ್ರೆಗೆ ಅಂತ ಒಂದು ಟಗರು ಸಾಕುತ್ತಿದ್ದಳು. ಹುರುಳಿ ನುಚ್ಚು, ರೇಷ್ಮೆ ಹುಳು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿ, ನಮಗೂ ಕೊಡದ ಬೆಲ್ಲ, ಎಲ್ಲಾ ಅದಕ್ಕೆ. ಮಳೆ ಬಂದರೆ ಮೊದಲು ಒಳಗೆ ಬರುತ್ತಿದ್ದದ್ದು ಅದು, ಆಮೇಲೆ ನಾವು. ಜಾತ್ರೆ ದಿನ ಕಡಿಯುವವನು ಬಂದರೆ ಅಜ್ಜಿ ಮೊದಲು ಕತ್ತಿ ಇಸ್ಕೊಂಡು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡುತ್ತಿದ್ದಳು. ಒಂದು ವರ್ಷ "ಮೊಂಡುಗತ್ತಿ ತಂದಿದ್ದೀಯಲ್ಲೋ, ಮಸೆದ್ಕೊಂಡು ಬಾ ಹೋಗು" ಅಂತ ವಾಪಸ್ ಕಳಿಸಿಬಿಟ್ಟಳು. ಅಡುಗೆ ಒಂದು ಗಂಟೆ ತಡ. ಚಿಕ್ಕಪ್ಪಂದಿರೆಲ್ಲ ಗೊಣಗಿದ್ದೇ ಗೊಣಗಿದ್ದು. ಟಗರಿಗೆ ನೀರು ಇಟ್ಟು, ಅದು ಕುಡಿದು ತಲೆ ಎತ್ತುವ ತನಕ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆಮೇಲೆ ತಾನೇ ಕೂತು ಮಸಾಲೆ ರುಬ್ಬುತ್ತಿದ್ದಳು, ಮುದ್ದೆ ಜೊತೆ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದಳು. ಅಳುತ್ತಿದ್ದಳಾ? ಇಲ್ಲಪ್ಪ.

ಈಗ ಅದೇ ಮನೆಯ ಇನ್ನೊಂದು ಕಥೆ. ಇದನ್ನು ಬರೆಯಲು ನನಗೆ ಖುಷಿ ಇಲ್ಲ. 2022ರಲ್ಲಿ ನಮ್ಮ ಎಚ್‌ಎಫ್ ತಳಿಯ ಸೀಮೆಹಸು ಗಂಡು ಕರು ಹಾಕಿತು. ಉಳುವುದಕ್ಕೆ ಟ್ರ್ಯಾಕ್ಟರ್ ಇದೆ, ಹೋರಿ ಯಾರಿಗೆ ಬೇಕು? ಕರು ಕುಡಿದಷ್ಟೂ ಡೈರಿಗೆ ಹಾಕುವ ಹಾಲು ಕಮ್ಮಿ. ಯಾರೂ ತೀರ್ಮಾನ ಮಾಡಲಿಲ್ಲ. ಸುಮ್ನೆ ದಿನ ದಿನ ಸ್ವಲ್ಪ ಬೇಗ ಕೆಚ್ಚಲಿನಿಂದ ಬಿಡಿಸಿ ಆ ಕಡೆ ಕಟ್ಟಿದೆವು, ಅಷ್ಟೇ. ಬೇಧಿ ಶುರುವಾಯಿತು. ಹೆಣ್ಣು ಕರುವಾಗಿದ್ದರೆ ರಾತ್ರೋರಾತ್ರಿ ಡಾಕ್ಟರ್ ಬರುತ್ತಿದ್ದರು. ಇದಕ್ಕೆ ಯಾರೂ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನ್ನ ಜೇಬಲ್ಲೇ ಫೋನ್ ಇತ್ತು. ಹನ್ನೆರಡನೇ ದಿನ ಬೆಳಗ್ಗೆ ನೋಡಿದರೆ ಗೂಟದ ಹತ್ತಿರ ಮಲಗಿದ್ದದ್ದು ಏಳಲಿಲ್ಲ. ಹಗ್ಗ ಅಗಿದು ಅಗಿದು ಒದ್ದೆ ಮಾಡಿತ್ತು.

ಆ ಕರುವನ್ನು ಯಾರೂ ಕಡಿಯಲಿಲ್ಲ, ಯಾರೂ ತಿನ್ನಲೂ ಇಲ್ಲ. ಅದು ಕುಡಿಯಬೇಕಿದ್ದ ಹಾಲು ಪ್ಯಾಕೆಟ್ ಆಗಿ ಎಷ್ಟೋ ಮನೆಯ ಕಾಫಿಗೆ ಹೋಗಿರುತ್ತದೆ. ನನ್ನ ಸಸ್ಯಾಹಾರಿ ಸ್ನೇಹಿತರ ಮನೆಗೂ.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ನಾವು ಹಿಂಸೆ ಅಂದಕೂಡಲೇ ಕತ್ತಿ ಹಿಡಿದ ಆ ಒಂದು ನಿಮಿಷ ನೋಡುತ್ತೇವೆ. ಅದಕ್ಕೆ ಮೊದಲು ಆ ಪ್ರಾಣಿ ಎಷ್ಟು ದಿನ ಇತ್ತು, ಹೇಗಿತ್ತು ಅಂತ ಎಣಿಸುವುದಿಲ್ಲ. ಎಣಿಸಿದರೆ ನಮ್ಮನೆ ಟಗರಿಗಿಂತ ನಮ್ಮನೆ ಕರುವಿನ ಲೆಕ್ಕವೇ ನನಗೆ ಜಾಸ್ತಿ ಭಾರ.

ಕಾನೂನು ಕೂಡ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ಇದ್ದವರು ರುಕ್ಮಿಣಿ ದೇವಿ ಅರುಂಡೇಲ್, ಭರತನಾಟ್ಯದ ರುಕ್ಮಿಣಿ ದೇವಿಯೇ. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ವಾಪಸ್ ತಗೊಂಡರು. ಪಕ್ಕಾ ಸಸ್ಯಾಹಾರಿ ಹೆಂಗಸು. ಆದರೂ ಕೊನೆಗೆ ಬಂದ ಕಾಯ್ದೆಯಲ್ಲಿ ಊಟಕ್ಕೆ ಪ್ರಾಣಿ ಕೊಲ್ಲುವುದಕ್ಕೆ ವಿನಾಯಿತಿ ಇದೆ. ಒಂದೇ ಷರತ್ತು: ಅನಗತ್ಯ ನೋವು ಕೊಡಬಾರದು. ನೋವಾಗುವ ಹಾಗೆ ಸಾಗಿಸುವುದು ಅಪರಾಧ. ಹೊಟ್ಟೆಗೆ ಹಾಕದೆ ಇಡುವುದೂ ಅಪರಾಧ. ಹಾಗಾದರೆ ಆ ಮೊಪೆಡ್ ಹುಡುಗನೂ ಅಪರಾಧಿ, ನಮ್ಮ ಮನೆಯವರೂ ಅಪರಾಧಿಗಳು. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಅರ್ಧ ಕೆಜಿ ಚಿಕನ್ ಬರಲ್ಲ ಅದಕ್ಕೆ.

2001ರ ಕಸಾಯಿಖಾನೆ ನಿಯಮದಲ್ಲಿ ಇನ್ನೊಂದು ಮಾತಿದೆ. ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರಿಗೆ ಕಡಿಯಬಾರದು. ನಮ್ಮ ಯಾವುದೇ ಚಿಕನ್ ಅಂಗಡಿ ಮುಂದೆ ಎರಡು ನಿಮಿಷ ನಿಂತುಕೊಳ್ಳಿ. ಪಂಜರ ಇಲ್ಲಿ, ಡ್ರಮ್ ಅಲ್ಲಿ. ಮೂರಡಿ ಅಂತರ.

2022ರ ಯುಗಾದಿಯಲ್ಲಿ ಹೊಸತೊಡಕಿಗೆ ಹಲಾಲಾ ಜಟ್ಕಾನಾ ಅಂತ ಇಡೀ ರಾಜ್ಯ ಕಿತ್ತಾಡಿತಲ್ಲ. ಹೇಗೆ ಕಡಿಯಬೇಕು ಅಂತ ಅಷ್ಟು ಜನ ಮಾತಾಡಿದರು. ಕತ್ತಿ ತನಕ ಅದು ಹೇಗೆ ಬಂತು ಅಂತ ಒಬ್ಬರಾದರೂ ಕೇಳಿದರಾ? ಇರಲಿ, ಆ ಜಗಳ ಪ್ರಾಣಿಗಾಗಿ ಅಲ್ಲ ಅಂತ ಎಲ್ಲರಿಗೂ ಗೊತ್ತು.

ಗೋಹತ್ಯೆ ಕಾಯ್ದೆ ಬಗ್ಗೆಯೂ ಒಂದು ಮಾತು, ಬೈಯುವವರು ಬೈಯಿರಿ. 2020ರ ಕಾಯ್ದೆ ಪ್ರಕಾರ ಹಸು, ಹೋರಿ, ಎತ್ತು, ಕರು ಯಾವುದನ್ನೂ ಕಡಿಯುವ ಹಾಗಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು. ಸರಿ. ಆದರೆ ಹಾಲು ಬತ್ತಿದ ಹಸುವಿಗೆ, ಗಂಡು ಕರುವಿಗೆ ಮೇವು ಹಾಕುವವರು ಯಾರು? ಬೋರ್‌ವೆಲ್ 1,500 ಅಡಿ ಕೊರೆದರೂ ನೀರು ಬಾರದ ಊರು ನಮ್ಮದು. ಹೆಣ್ಣು ಕರುವೇ ಹುಟ್ಟುವಂಥ ಸೆಮೆನ್ ಈಗ ಬಂದಿದೆ. ಗಂಡು ಕರುವಿನ ಪಾಡಿಗೆ ಯಾವ ಭಾಷಣಕ್ಕಿಂತಲೂ ಆ ಸೆಮೆನ್ ತುಂಬಿದ ಒಂದು ಕಡ್ಡಿಯೇ ಜಾಸ್ತಿ ಉಪಕಾರ ಮಾಡುತ್ತೆ ಅಂತ ನನ್ನ ಲೆಕ್ಕ.

ಇನ್ನು ರೇಷ್ಮೆ. ಅದರ ಬಗ್ಗೆ ಮಾತಾಡದೆ ಶಿಡ್ಲಘಟ್ಟದವನು ಅಹಿಂಸೆ ಬಗ್ಗೆ ಮಾತಾಡಬಾರದು. 25 ದಿನ ಹುಳುವಿಗೆ ಸೊಪ್ಪು ಹಾಕುತ್ತೇವೆ. ನಾಲ್ಕು ಸಲ ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂರುತ್ತೆ, ನಾಲ್ಕು ಸಲ ಏಳುತ್ತೆ. ಹಣ್ಣಾದ ಮೇಲೆ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತೇವೆ, ಗೂಡು ಕಟ್ಟುತ್ತೆ. ಚಿಟ್ಟೆಯಾಗಿ ಹೊರಗೆ ಬಂದರೆ ಗೂಡು ತೂತಾಗಿ ಎಳೆ ಹಾಳು. ಅದಕ್ಕೇ ಮೊದಲೇ ಬಿಸಿನೀರಲ್ಲಿ ಬೇಯಿಸುವುದು. ಒಂದು ಕೆಜಿ ಗೂಡಿಗೆ 500–600 ಹುಳು, ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು. ನೂಲು ಬಿಚ್ಚುವ ಫಿಲೇಚರ್ ಇರುವ ಬೀದಿಗೆ ಬಂದರೆ ಮೂಗೇ ಉಳಿದದ್ದನ್ನು ಹೇಳುತ್ತದೆ. ಆ ಸೀರೆ ಉಟ್ಟೇ ನಾವು ಮೊಟ್ಟೆ ಸಹ ಸೋಕದ ಮದುವೆ ಮನೆಗೆ ಹೋಗುವುದು. ಹುಳುವಿಗೆ ನೋವಾಗುತ್ತಾ? ಕೋಳಿಯಷ್ಟು ಖಂಡಿತ ಇರಲಾರದು ಅನ್ನಿಸುತ್ತೆ. ಅದು ನನಗೆ ಅನುಕೂಲವಾದ ಅನಿಸಿಕೆ ಅಂತಲೂ ಗೊತ್ತು, ನಮ್ಮಪ್ಪ ನನ್ನನ್ನು ಓದಿಸಿದ್ದು ಅದರಿಂದಲೇ.

ಇಷ್ಟೆಲ್ಲ ಹೇಳಿ "ನೋಡಿ, ನೀವೂ ಅಷ್ಟೇ" ಅಂತ ಸಸ್ಯಾಹಾರಿಗಳ ಮೇಲೆ ಎತ್ತಿಹಾಕುವುದು ನನ್ನ ಉದ್ದೇಶ ಅಲ್ಲ. ಲೆಕ್ಕ ಹಾಕಿದರೆ ಅವರಿಂದ ಸಾಯುವ ಜೀವ ನನ್ನಿಂದ ಸಾಯುವುದಕ್ಕಿಂತ ಕಮ್ಮಿಯೇ. ಅವರ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇಲ್ಲ. "ರಾಗಿ ಇದೆ, ಹುರುಳಿ ಇದೆ, ಹಿತಕಿದ ಅವರೆ ಸಾರಿದೆ, ನಿನಗೆ ಬದುಕಲು ಕೋಳಿ ಬೇಕೇ ಬೇಕಾ?" ಬೇಡ. ನಾಲಿಗೆಗೆ ಬೇಕು. ಅಮ್ಮನ ಕೈ ಸಾರಿನ ರುಚಿ ಬೇಕು. ಅಜ್ಜಿಯ ಟಗರಿನ ವಾದ ಅಷ್ಟರ ಮಟ್ಟಿಗೆ ಸೋಲುತ್ತೆ, ಒಪ್ಪಿಕೊಳ್ಳುತ್ತೇನೆ.

ಮೇಲಾಗಿ ನಾನು ಈಗ ತಿನ್ನುವುದು ಅಜ್ಜಿಯ ಟಗರನ್ನಲ್ಲ. ಮಟನ್ ರೇಟ್ ನಿಮಗೇ ಗೊತ್ತು, ತಿಂಗಳಿಗೊಂದು ಸಲ ತಂದರೆ ಹಬ್ಬ. ಉಳಿದದ್ದೆಲ್ಲ ಬ್ರಾಯ್ಲರ್. ನಮ್ಮ ಸಂಬಂಧಿಕರೊಬ್ಬರ ಶೆಡ್ ಇದೆ. ಕಂಪನಿಯವರು ಮರಿ, ಫೀಡ್, ಔಷಧಿ ಕೊಡುತ್ತಾರೆ. ಶೆಡ್, ಕರೆಂಟು, ಕೂಲಿ ರೈತನದು. ಕೆಜಿಗೆ ಇಷ್ಟು ಅಂತ ಸಾಕಿದ ಕೂಲಿ. ಸುಮಾರು 40 ದಿನಕ್ಕೆ ಎರಡು ಕೆಜಿ ದಾಟಬೇಕು. ಮೈ ಬೆಳೆದಷ್ಟು ಬೇಗ ಕಾಲು ಗಟ್ಟಿಯಾಗಲ್ಲ, ಕೊನೆಯ ವಾರ ಕೆಲವು ಕೂತಲ್ಲೇ ಕೂತಿರುತ್ತವೆ. ಮೊಟ್ಟೆ ಕೋಳಿಯದು ಇನ್ನೂ ಬೇರೆ ಕಥೆ. ಪಂಜರದಲ್ಲಿ ಒಂದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಎ4 ಹಾಳೆಯಷ್ಟು ಜಾಗ. ಗಂಡು ಮರಿಯಂತೂ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಮುಗಿಯುತ್ತೆ. ಕೇಂದ್ರ ಕಾನೂನು ಆಯೋಗ 2017ರಲ್ಲಿ ಈ ಕೋಳಿಗಳ ಬಗ್ಗೆಯೇ ಒಂದು ವರದಿ ಕೊಟ್ಟಿತು, 269ನೆಯದು. ಆಮೇಲೂ ನಾನು ಮೊಟ್ಟೆ ತಗೊಳ್ಳುವಾಗ ರೇಟ್ ಬಿಟ್ಟು ಬೇರೇನೂ ಕೇಳಿಲ್ಲ.

ಹೋದ ಭಾನುವಾರ ಕೇಳೋಣ ಅಂತ ಹೊರಟೆ. ನಾವು ಖಾಯಂ ತರುವ ಅಂಗಡಿ. "ಭಾಯ್, ಕೋಳಿನ ಕಾಲು ಕಟ್ಟಿ ನೇತುಹಾಕ್ಕೊಂಡು ತರೋ ಬದಲು ಕ್ರೇಟಲ್ಲಿ ತರಿಸಕ್ಕಾಗಲ್ವಾ?" ಅಂದೆ. ಕೈ ನಿಲ್ಲಿಸದೆ ಲೆಕ್ಕ ಹೇಳಿದ. ಕ್ರೇಟಿಗೆ ಹತ್ತೋ ಹನ್ನೆರಡೋ ಹಿಡಿಯುತ್ತೆ, ಮೊಪೆಡ್ ಆಗಲ್ಲ, ಆಟೋ ಬೇಕು, ಕೆಜಿಗೆ ಐದು ರೂಪಾಯಿ ಜಾಸ್ತಿ ಬೀಳುತ್ತೆ. "ಐದು ರೂಪಾಯಿ ಜಾಸ್ತಿ ಅಂದ್ರೆ ಎಲ್ಲಾ ಪಕ್ಕದ ಅಂಗಡಿಗೆ ಹೋಗ್ತಾರೆ ಅಣ್ಣಾ."

"ನಾನು ಕೊಡ್ತೀನಪ್ಪ" ಅಂದೆ.

ಕತ್ತಿ ಪಕ್ಕಕ್ಕಿಟ್ಟು ನಕ್ಕ. "ನೀವೊಬ್ರು ಕೊಟ್ರೆ, ನಿಮ್ಮ ಕೋಳಿ ಒಂದನ್ನೇ ಕ್ರೇಟಲ್ಲಿ ತರ್ಲಾ?"

ಪಕ್ಕದಲ್ಲಿ ನಿಂತಿದ್ದವರೂ ನಕ್ಕರು. ನಾನೂ ನಕ್ಕೆ. ಒಂದು ಕೆಜಿ ತಗೊಂಡು, ಐದು ರೂಪಾಯಿ ಜಾಸ್ತಿ ಇಟ್ಟೆ. ಚಿಲ್ಲರೆ ಅಂತ ವಾಪಸ್ ಕೊಟ್ಟ.