ಸತ್ಯಾಂಶ: ಹೊಟ್ಟೆ ಸರಿಹೋದರೆ ಖಿನ್ನತೆ ಮಾಯವಾಗುತ್ತಾ?

'ಸುಮಾರು 90% ಸೆರಟೋನಿನ್ ತಯಾರಾಗೋದು ಕರುಳಲ್ಲೇ. ಹೊಟ್ಟೆ ಸರಿಮಾಡಿಕೊಳ್ಳಿ, ಖಿನ್ನತೆಯ ಮಾತ್ರೆ ಬಿಡಿ' ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಸೆರಟೋನಿನ್ ಅಂದರೆ ದೇಹದಲ್ಲಿ ಸಂದೇಶ ಸಾಗಿಸುವ, ಮನಸ್ಸಿನ ಸ್ಥಿತಿಗೂ ನಂಟಿರುವ ಒಂದು ರಾಸಾಯನಿಕ. ಫಾರ್ವರ್ಡ್‌ನ ಮೊದಲ ಮಾತು ನಿಜ. ಎಡವಟ್ಟಿರೋದು ಎರಡನೆಯದರಲ್ಲಿ.

ಆ ಸೆರಟೋನಿನ್ ತಯಾರಿಸುವುದು ಬಹುಪಾಲು ಕರುಳಿನ ಒಳಗೋಡೆಯ ಜೀವಕೋಶಗಳು. ಕರುಳಲ್ಲಿರುವ ಬ್ಯಾಕ್ಟೀರಿಯಾ ಅವಕ್ಕೆ ಕುಮ್ಮಕ್ಕು ಕೊಡುತ್ತವೆ, ಅಷ್ಟೇ. ಆಹಾರವನ್ನು ಮುಂದೆ ತಳ್ಳಲು ಕರುಳಿಗೆ ಈ ಸೆರಟೋನಿನ್ ಬೇಕು. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ. (ಖಿನ್ನತೆಯ ಕೆಲವು ಮಾತ್ರೆಗಳಿಂದ ಶುರುವಿನಲ್ಲಿ ವಾಕರಿಕೆ, ಭೇದಿ ಆಗುವುದಕ್ಕೂ ಕರುಳಿನ ಈ ಸೆರಟೋನಿನ್ನೇ ಕಾರಣ.)

ಹಾಗಂತ ಹೊಟ್ಟೆಗೂ ಮನಸ್ಸಿಗೂ ನಂಟೇ ಇಲ್ಲ ಅಂತಲ್ಲ. ವೇಗಸ್ ನರದ ಮೂಲಕ ಕರುಳು, ಮಿದುಳು ಸದಾ ಸುದ್ದಿ ಮುಟ್ಟಿಸಿಕೊಳ್ಳುತ್ತವೆ. ನಾರಿನಂಶ ಜಾಸ್ತಿ ತಿಂದರೆ ಬ್ಯಾಕ್ಟೀರಿಯಾಗಳಿಗೂ ಒಳ್ಳೆಯದೇ. ಮಾತ್ರೆ ಮಾತ್ರ ವೈದ್ಯರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಕಾಡಬಹುದು.