ಡ್ರಮ್ ಬಿಟ್ಟರಂತೆ, ಬ್ಯಾಳಿ ಹೊತ್ತಿತಂತೆ

ಬಾಗಲಕೋಟೆಯಲ್ಲಿ ಜಗಳಕ್ಕೆ ವಿಷಯ ಎಂದೂ ಕಮ್ಮಿ ಬಿದ್ದಿಲ್ಲ. ಕಬ್ಬಿನ ರೇಟು, ಆಲಮಟ್ಟಿ ಹಿನ್ನೀರು, ಮುಳುಗಡೆ ಪರಿಹಾರ, ಹಳೇ ಊರು ಚಲೋನೋ ನವನಗರ ಚಲೋನೋ. ಯಾವುದನ್ನು ಎತ್ತಿದರೂ ಚಹಾ ಆರಿ ತಣ್ಣಗಾಗುವವರೆಗೆ ನಡೆಯುತ್ತದೆ. ಇಷ್ಟೆಲ್ಲ ಕೈಗೆ ಸಿಗುವಂತಿದ್ದರೂ ನಮ್ಮ ಮನೆಯಲ್ಲಿ ಜಗಳ ನಡೆದಿದ್ದು ಆಸ್ಟ್ರೇಲಿಯಾದ ಒಂದು ಬ್ಯಾಂಡಿನ ಮೇಲೆ. ಹೆಸರು ಪೆಂಡ್ಯುಲಮ್. ಅವರ ಮೇಲಿನ ಆರೋಪ ಏನಪ್ಪಾ ಅಂದರೆ, ಡ್ರಮ್ ಅಂಡ್ ಬೇಸ್ ಬಿಟ್ಟುಬಿಟ್ಟರು. ಅದೊಂದು ಸಂಗೀತದ ಶೈಲಿ: ಓಡುವ ಡ್ರಮ್ ಬಡಿತ, ಕೆಳಗೆ ಬೇಸ್ ಅನ್ನುವ ಗುಂಯ್‌ಗುಡುವ ದಪ್ಪ ಸ್ವರ. ಯಾವಾಗ ಬಿಟ್ಟರೋ ಅಂತ ಕೇಳಿದೆ. 2008ರಲ್ಲಂತೆ. ಆಗ ಈ ಜಗಳಗಂಟರಿಬ್ಬರೂ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು.

ಒಬ್ಬ ನಮ್ಮಕ್ಕನ ಮಗ. ಕಾಲೇಜಿಗೆ ಅಂತ ನಮ್ಮಲ್ಲೇ ಇದ್ದಾನೆ. ಇನ್ನೊಬ್ಬ ಅವನ ದೋಸ್ತ. ಅವನ ಮನೆ ಹಿಂದಿನ ಸಾಲಿನಲ್ಲೇ ಇದೆ, ಊಟ ಮಾತ್ರ ನಮ್ಮಲ್ಲಿ. ಇವರಿಗೆ ಆಯುಧ ಒದಗಿಸಿದ್ದು ಒಂದು ಬ್ಲೂಟೂತ್ ಸ್ಪೀಕರ್. ಅದು ಮುಧೋಳದಲ್ಲಿರುವ ನಮ್ಮ ಭಾವನದು. ಮುಂಜಾನೆ ಪ್ರವಚನ ಕೇಳಲಿಕ್ಕೆ ತೊಗೊಂಡಿದ್ದರು. ಮಗ ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಬಂದಿದ್ದ.

ಅಳಿಯ 2005ರ ಪಕ್ಷ. ಆ ವರ್ಷ ಬಂದ ‘ಹೋಲ್ಡ್ ಯುವರ್ ಕಲರ್’ ಅವರ ಮೊದಲ ಆಲ್ಬಮ್. ಅದರ ಮುಂದೆ ಉಳಿದಿದ್ದೆಲ್ಲ ಕಸ ಅಂತ ಅವನ ವಾದ. ದೋಸ್ತ 2008ರ ‘ಇನ್ ಸಿಲಿಕೋ’ ಪಕ್ಷ. ಅದರಲ್ಲಿ ಗಿಟಾರು ಜಾಸ್ತಿ, ಹಾಡಿಕೆ ಜಾಸ್ತಿ, ರಾಕ್ ಜಾಸ್ತಿ.

“ಮಾಮಾ, ನೀನ ಹೇಳು. ಇದು ಡ್ರಮ್ ಅಂಡ್ ಬೇಸ್ ಅನಸ್ತೈತೇನು? ಗಿಟಾರ್ ಹಿಡದು ಒದರಾಕ ಹತ್ಯಾರ.”

“ಕಾಕಾ, ಅದು ಒದರೂದಲ್ರೀ, ಹಾಡೂದು. ಇವಂಗ ಶಬ್ದ ತಿಳಿದ್ರ ಹೊಟ್ಟಿ ಉರೀತೈತಿ.”

ನನಗೆ ಎರಡೂ ಒಂದೇ ತರ ಕೇಳುತ್ತಿತ್ತು. ಆದರೆ ಒಂದೇ ಸೂರಿನ ಕೆಳಗೆ ಇದ್ದಮೇಲೆ ಕಲಿಯದೆ ಬೇರೆ ದಾರಿ ಇಲ್ಲ. ಸ್ಪೀಕರ್ ಹಚ್ಚಿದರೆ ಬಚ್ಚಲಮನೆಯ ಬಕೆಟ್ಟಿನ ನೀರೂ ಅಲುಗುತ್ತಿತ್ತು. ಕಲಿತಷ್ಟಕ್ಕೆ ನನ್ನ ತೀರ್ಪು ಇಷ್ಟು. ಪೆಂಡ್ಯುಲಮ್ ಶುರುವಾಗಿದ್ದು 2002ರಲ್ಲಿ, ಪರ್ತ್ ಊರಿನಲ್ಲಿ. ಅದರ ರಾಬ್ ಸ್ವೈರ್ ಮತ್ತು ಗ್ಯಾರೆತ್ ಮ್ಯಾಕ್‌ಗ್ರಿಲೆನ್ ಅದಕ್ಕೂ ಮುಂಚೆ ರಾಕ್ ಬ್ಯಾಂಡಿನಲ್ಲೇ ಇದ್ದವರು. ಡಿಜೆ ಪಾಲ್ ಹಾರ್ಡಿಂಗ್ ಜೊತೆ ಸೇರಿ ಡ್ರಮ್ ಅಂಡ್ ಬೇಸ್ ಕಡೆ ಬಂದರು. ಅಂದಮೇಲೆ 2008ರಲ್ಲಿ ಗಿಟಾರ್ ಹಿಡಿದಿದ್ದು ಮನೆ ಬಿಟ್ಟು ಓಡಿಹೋದಂತಲ್ಲ, ಮಗಳು ಪಂಚಮಿಗೆ ತವರಿಗೆ ಬಂದಂತೆ. ಅದಕ್ಕೆ ಇಷ್ಟು ಗೋಳಾಡುವುದು ಏನಿದೆ?

ಮತ್ತೆ, ಬಿಟ್ಟಿದ್ದಾದರೂ ಏನು? ಈ ಸಂಗೀತದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 170, 175 ಬಡಿತದ ಆಸುಪಾಸು. ‘ಇನ್ ಸಿಲಿಕೋ’ದಲ್ಲೂ ಸುಮಾರು ಹಾಡುಗಳು ಅದೇ ಓಟದಲ್ಲೇ ಇವೆ. ಇನ್ನೂ ಮಜಾ ಅಂದರೆ, ಸ್ಟೇಜಿನ ಮೇಲೆ ಬಾರಿಸಲಿಕ್ಕೆ ಅಂತ ಡ್ರಮ್ ಸೆಟ್ಟಿನ ಹಿಂದೆ ಜೀವಂತ ಮನುಷ್ಯನನ್ನೇ ಕೂರಿಸಿದ್ದರು. ಮಷೀನಿನಿಂದ ಬರುತ್ತಿದ್ದಾಗ ಡ್ರಮ್ ಇತ್ತಂತೆ, ಮನುಷ್ಯ ಬಂದು ಬಾರಿಸಿದ ಮೇಲೆ ಹೋಯಿತಂತೆ! ಇದನ್ನು ಹೇಳಿದ್ದಕ್ಕೆ ಅಳಿಯ ಆವತ್ತು ನನ್ನ ಜೊತೆ ಮಾತು ಬಿಟ್ಟ. ‘ಇನ್ ಸಿಲಿಕೋ’ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು, 2010ರ ‘ಇಮ್ಮರ್ಷನ್’ ಒಂದನೇ ಸ್ಥಾನಕ್ಕೇ ಹತ್ತಿತು ಅಂತ ದೋಸ್ತ ಸೇರಿಸಿದ. “ಮಂದಿ ಕೊಂಡಾರ ಅಂದಮ್ಯಾಗ ಚಲೋ ಇರಬೇಕಂತೇನಿಲ್ಲ” ಅಂತ ಗೋಡೆ ಕಡೆ ನೋಡಿ ಹೇಳಿದ ಅಳಿಯ. ಆ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸಿತು, ಆದರೆ ಹೇಳಲಿಲ್ಲ.

‘ಒರಿಜಿನಲ್’ ಅಂತ ಅವನು ಎದೆ ತಟ್ಟಿಕೊಂಡಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಈ ಸಂಗೀತ ಬೆಳೆದಿದ್ದು 1990ರ ದಶಕದ ಇಂಗ್ಲೆಂಡಿನಲ್ಲಿ. ಆದರೆ ಅದರಲ್ಲಿ ಜಾಸ್ತಿ ಕೇಳುವ ಬಡಿತ 1969ರದು, ಅದೂ ಅಮೆರಿಕದ್ದು. ದಿ ವಿನ್‌ಸ್ಟನ್ಸ್ ಅನ್ನುವ ತಂಡ ‘ಅಮೆನ್, ಬ್ರದರ್’ ಅಂತ ಒಂದು ಹಾಡನ್ನು ರೆಕಾರ್ಡಿನ ಹಿಂಬದಿಗೆ ಹಾಕಿತ್ತು. ನಡುವೆ ಎಲ್ಲರೂ ಸುಮ್ಮನಾಗುತ್ತಾರೆ, ಗ್ರೆಗೊರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುತ್ತಾರೆ. ಆರೇಳು ಸೆಕೆಂಡು, ಅಷ್ಟೇ. ಅದನ್ನೇ ಕತ್ತರಿಸಿ, ಓಡಿಸಿ, ಹಿಂದೆ ಮುಂದೆ ಜೋಡಿಸಿ ಸಾವಿರಾರು ಹಾಡು ಮಾಡಿದರು. ಕೋಲ್ಮನ್‌ಗೆ ರಾಯಲ್ಟಿ ಅಂತ ಒಂದು ಪೈಸೆ ಬರಲಿಲ್ಲ. 2006ರಲ್ಲಿ ತೀರಿಹೋದರು. ಜಗಳ ಆಡುವುದಿದ್ದರೆ ಇದರ ಮೇಲೆ ಆಡಬೇಕು, ಅಲ್ವಾ? ಇದಕ್ಕೆ ಮಾತ್ರ ಇಬ್ಬರೂ “ಹೌದೌದು” ಅಂದು ಮತ್ತೆ 2008ಕ್ಕೆ ಹೋದರು.

ಇನ್ನು ಬ್ಯಾಳಿಯ ವಿಷಯ. ಅವತ್ತು ನನ್ನ ಹೆಂಡತಿ ಕುಕ್ಕರ್ ಒಲೆ ಮೇಲಿಟ್ಟು, “ಮೂರು ಸೀಟಿ ಆದಮ್ಯಾಗ ಬಂದ್ ಮಾಡ್ರಿ” ಅಂತ ಹುಡುಗರಿಗೆ ಹೇಳಿ, ಪಕ್ಕದ ಮನೆಗೆ ಹೆಪ್ಪು ತರಲು ಹೋದಳು. ಹೆಪ್ಪು ಅಂದರೆ ಅರ್ಧ ತಾಸು ಅಂತ ಲೆಕ್ಕ. ಇಲ್ಲಿ 2005 ಮತ್ತು 2008 ಒಂದಾದ ಮೇಲೊಂದು ಓಡುತ್ತಿದ್ದವು. ನಾನು ಹೊರಗಿನಿಂದ ಬರುವಷ್ಟರಲ್ಲಿ ಗೇಟಿನ ತನಕ ಹೊತ್ತಿದ ವಾಸನೆ. ಒಳಗೆ ಇಬ್ಬರೂ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದಾರೆ. ಕುಕ್ಕರ್ ಆಗಲೇ ನೀರೆಲ್ಲ ಮುಗಿಸಿ, ಸೀಟಿ ಹೊಡೆಯುವುದನ್ನೂ ಬಿಟ್ಟು ಸುಮ್ಮನೆ ಬುಸುಗುಡುತ್ತಿತ್ತು.

“ಸೀಟಿ ಕೇಳಿಸಲಿಲ್ಲೇನ್ರೋ?”

“ಕೇಳಿಸ್ತು ಮಾಮಾ,” ಅಂದ ಅಳಿಯ. “ಹಾಡಿನಾಗ ಐತಿ ಅನ್ಕೊಂಡ್ನಿ.”

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹೊತ್ತಿದ ಕುಕ್ಕರ್ ಎದುರಿಗಿಟ್ಟುಕೊಂಡು, ಆ ಸೀಟಿ ಯಾವ ಆಲ್ಬಮ್ಮಿಗೆ ಒಪ್ಪುತ್ತದೆ ಅಂತ ಹೊಸ ಜಗಳ ತೆಗೆದರು. ಅಂಥ ಕಿರಿಚುವ ಶಬ್ದ ಮೊದಲನೇದರಲ್ಲೇ ಇರುವುದು ಅಂತ ಅಳಿಯ. ಎರಡನೇದರಲ್ಲಿ ಇದ್ದರೆ ಇನ್ನೂ ಚಂದ ಅಂತ ದೋಸ್ತ. ಅಷ್ಟರಲ್ಲಿ ಹೆಂಡತಿ ಹೆಪ್ಪಿನ ಬಟ್ಟಲು ಹಿಡಿದು ಬಂದಳು. ಮುಚ್ಚಳ ತೆಗೆದು ನೋಡಿದಳು. ಏನೂ ಅನ್ನಲಿಲ್ಲ. ರೊಟ್ಟಿ ಮೇಲೆ ಶೇಂಗಾ ಚಟ್ನಿ, ಅದರ ಪಕ್ಕದಲ್ಲಿ ಆ ಕಪ್ಪು ಬ್ಯಾಳಿಯನ್ನೇ ಒಂದೊಂದು ಸೌಟು ಬಡಿಸಿದಳು. “ಇದು ಯಾವ ಪಾರ್ಟಿದು ಹೇಳ್ರಿ,” ಅಂದಳು. ದೋಸ್ತನಿಗೆ ತನ್ನ ಮನೆಯ ನೆನಪು ಬಂದಿದ್ದು ಆಗಲೇ.

ಹೋಳಿ ಹತ್ತಿರ ಬಂತು. ಬಾಗಲಕೋಟೆ ಹೋಳಿ ಅಂದರೆ ನಿಮಗೆ ಗೊತ್ತಲ್ಲ, ಒಂದು ದಿನಕ್ಕೆ ಮುಗಿಯುವುದಲ್ಲ. ಕಿಲ್ಲಾ, ಹೊಸಪೇಟೆ, ಹಳಪೇಟೆ, ವೆಂಕಟಪೇಟೆ, ಜೈನಪೇಟೆ ಅಂತ ಓಣಿ ಓಣಿಯಲ್ಲೂ ರಾತ್ರಿ ಹಲಗೆ ಶುರುವಾಗುತ್ತದೆ. ನಾವು ನವನಗರದಿಂದ ಹಳೇ ಊರಿಗೆ ಹೋದೆವು. ಹುಡುಗರ ಕೈಯಲ್ಲಿ ಸ್ಪೀಕರ್ ಇದ್ದೇ ಇತ್ತು. ಆಗ ಜಗಳ ಎಣಿಕೆಗೆ ಬಂದಿತ್ತು. ಫೋನಿನ ಮೇಲೆ ಬೆರಳು ಬಡಿದು ವೇಗ ಅಳೆಯುವ ಆ್ಯಪ್ ಒಂದಿದೆ. ಅದೇ ಹಾಡಿಗೆ ಅಳಿಯನ ಫೋನು 174 ತೋರಿಸಿತು, ದೋಸ್ತನದು 87. ನಿನ್ನ ಫೋನ್ ಕೆಟ್ಟಿದೆ ಅಂತ ಒಬ್ಬ, ನಿನ್ನ ಕಿವಿ ಕೆಟ್ಟಿದೆ ಅಂತ ಇನ್ನೊಬ್ಬ.

ಅಲ್ಲೇ ಕಟ್ಟೆ ಹತ್ತಿರ ಒಬ್ಬ ಮುತ್ಯಾ ಹಳೇ ಪೇಪರಿಗೆ ಬೆಂಕಿ ಹಚ್ಚಿ ಹಲಗೆ ಕಾಸುತ್ತಿದ್ದ. ಚರ್ಮ ಬಿಗಿಯಾಗಬೇಕಲ್ಲ. ಬೆಂಕಿಗೆ ಹಿಡಿಯುವುದು, ಬೆರಳಲ್ಲಿ ತಟ್ಟಿ ನೋಡುವುದು, ಮತ್ತೆ ಹಿಡಿಯುವುದು. ಠಣ್ ಅಂದಮೇಲೆ ಎದ್ದುನಿಂತ. “ಹಚ್ಚು ನಿನ್ನ ಹಾಡು” ಅಂದ. ಸ್ವಲ್ಪ ಕೇಳಿ, ಅದರ ಜೊತೆ ನಿಧಾನಕ್ಕೆ ಬಾರಿಸಿದ. ಆಮೇಲೆ ಅದನ್ನೇ ಎರಡು ಪಟ್ಟು ಮಾಡಿ ಬಾರಿಸಿದ. ಎರಡೂ ಸರಿಯಾಗಿ ಕೂತವು.

“ಅದು ಠಾಯ, ಇದು ದುಗುಣ. ಹಾಡು ಒಂದ ಐತಿ, ಎಣಸಾವ್ರು ಇಬ್ರು. ಇದಕ್ಯಾಕ ಬಡಿದಾಡ್ತೀರಿ?”

ಹುಡುಗರು ಬೆಪ್ಪಾದರು. ಮುತ್ಯಾನಿಗೆ ಹುರುಪು ಬಂತು. ಸ್ಪೀಕರಿಗೆ ಕಿವಿ ಹಚ್ಚಿದ. “ಬಾರ್ಸೂದು ಚಲೋ ಐತಿ. ಆದ್ರ ಇದು ಸಪ್ಪಗ ಬಡೀತೈತಲ್ಲೋ ತಮ್ಮಾ. ಥಂಡಿ ಹತ್ತೇತಿ. ಸ್ವಲ್ಪ ಕಾಸಬೇಕು.” ಹೇಳಿದ್ದೇ ತಡ, ಎತ್ತಿ ಬೆಂಕಿಗೆ ಹಿಡಿದೇಬಿಟ್ಟ. ಹಲಗೆಗೆ ಹಿಡಿದಷ್ಟೇ ನಾಜೂಕಾಗಿ, ತಿರುಗಿಸಿ ತಿರುಗಿಸಿ. ಅಳಿಯ “ಮುತ್ಯಾ, ಮುತ್ಯಾ” ಅಂತ ಹಾರುವಷ್ಟರಲ್ಲಿ ಸ್ಪೀಕರಿನ ಒಂದು ಬದಿಯ ರಬ್ಬರು ಮೆತ್ತಗಾಗಿ ಸೊಟ್ಟಗೆ ಕೂತಿತ್ತು.

ಹಾಡೇನೋ ಬರುತ್ತಿತ್ತು, ಬೇಸ್ ಮಾತ್ರ ಪೂರ್ತಿ ಮಾಯ. 2005 ಹಚ್ಚಿದರೂ ಚಿರ್ ಚಿರ್, 2008 ಹಚ್ಚಿದರೂ ಚಿರ್ ಚಿರ್. “ಈಗ ನೋಡು, ಖರೇನ ಬಿಟ್ರು” ಅಂದ ದೋಸ್ತ. ಅಳಿಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ನನಗೋ ಭಾವನಿಗೆ ಏನು ಹೇಳುವುದು ಅನ್ನುವ ಚಿಂತೆ.

ಹೇಳುವುದು ಬೇಕಾಗಲಿಲ್ಲ. ಹಬ್ಬ ಮುಗಿದ ಮೇಲೆ ಭಾವ ತಾವೇ ಬಂದು ಸ್ಪೀಕರ್ ತೊಗೊಂಡು ಹೋದರು. ನಾವೆಲ್ಲ ಫೋನ್ ಬಂದಾಗಲೆಲ್ಲ ಬೆಚ್ಚುತ್ತಿದ್ದೆವು. ಕಡೆಗೂ ಬಂತು.

“ಅಲ್ರೀ, ಸ್ಪೀಕರ್ ಯಾರ ಕಡೆ ರಿಪೇರಿ ಮಾಡಿಸಿದ್ರಿ? ಮೊದಲ ಬರೇ ಗುಂಯ್ ಅಂತಿತ್ತು, ಸ್ವಾಮೇರು ಏನ್ ಹೇಳ್ತಾರಂತ ತಿಳೀತಿರ್ಲಿಲ್ಲ. ಈಗ ಒಂದೊಂದು ಮಾತೂ ಸ್ವಚ್ಛ ಕೇಳಸ್ತೈತಿ. ನಮ್ಮ ಮಠದ್ದೂ ಒಂದು ಐತಿ, ಕಳಿಸ್ಲೇನು?”